ಅಂಟಮ್ಮನ ಎಂಬತ್ಮೂರನೆಯ ಕೀರ್ತನೆ

ನನ್ನ ಅತ್ತೆಯನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಂಟಮ್ಮ ಎನ್ನುತ್ತಾರೆ. ನಲವತ್ತೈದು ವರ್ಷ ಪುಸ್ತಕಗಳಿಗೆ ಬೈಂಡ್ ಹಾಕಿದ ಕೈ ಅದು. ಮೈದಾ ಹಿಟ್ಟಿನ ಅಂಟು ಕಾಯಿಸಿ ಕಾಯಿಸಿ ಅವರ ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ, ಕೊನೆಗೆ ಹೆಸರಿಗೂ ಅಂಟು ಹತ್ತಿಕೊಂಡಿತು. ನಾನು ಮದುವೆಯಾಗಿ ಬಂದ ವಾರದಲ್ಲೇ ಪಕ್ಕದ ಮನೆಯ ದರ್ಜಿ, "ಅಂಟಮ್ಮನ ಸೊಸೆಯಾ? ಹಾಗಾದ್ರೆ ಬಿಡಿಸ್ಕೊಂಡು ಹೋಗೋ ಮಾತೇ ಇಲ್ಲ ಬಿಡಮ್ಮ" ಎಂದು ಹಲ್ಲು ಕಿರಿದಿದ್ದ. ಒಂಬತ್ತು ವರ್ಷವಾಯಿತು, ಹೋಗಿಲ್ಲ. ಹೋಗಿಬಿಡೋಣ ಅನ್ನಿಸಿದ ದಿನಗಳು ಎಷ್ಟು ಅಂತ ಮಾತ್ರ ಕೇಳಬೇಡಿ.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒತ್ತಿಕೊಂಡು ಉದ್ದನೆಯ ಮೇಜು, ಅದರ ತುದಿಯಲ್ಲಿ ತಿರುಪು ತಿರುಗಿಸಿ ಪುಸ್ತಕ ಅದುಮುವ ಕಬ್ಬಿಣದ ಪ್ರೆಸ್ಸು, ಮೂಲೆಯಲ್ಲಿ ಸ್ಟೌವು, ಅದರ ಮೇಲೆ ಅಂಟಿನ ಪಾತ್ರೆ. ಶಾಲೆಯ ಹಾಜರಿ ಪುಸ್ತಕ, ಕಚೇರಿಯ ದಪ್ಪ ರಿಜಿಸ್ಟರು, ಬೆನ್ನು ಮುರಿದ ನಿಘಂಟು, ಪ್ರಾರ್ಥನೆಯ ಪುಸ್ತಕ, ಎಲ್ಲವೂ ಅಲ್ಲಿಗೆ ಬರುತ್ತವೆ. ಗಂಡ ತೀರಿಕೊಂಡಾಗ ಅತ್ತೆಗೆ ಮೂವತ್ನಾಲ್ಕು ವರ್ಷ, ಎರಡು ಮಕ್ಕಳು. ಗಂಡನ ಪಕ್ಕದಲ್ಲಿ ಕೂತು ಹೊಲಿಗೆ ಹಾಕುತ್ತಿದ್ದವರು ಅಂದಿನಿಂದ ಗಂಡನ ಕುರ್ಚಿಯಲ್ಲೇ ಕೂತರು. ಯಾರಾದರೂ ಪಾಪ ಅಂದರೆ, "ಪಾಪ ಪುಣ್ಯ ಆಮೇಲೆ, ಪುಸ್ತಕ ಇದ್ರೆ ಕೊಡಿ" ಅನ್ನುತ್ತಿದ್ದರಂತೆ.

ಅತ್ತೆಯ ಅಂಟಿಗೆ ಒಂದು ಬಣ್ಣವಿದೆ. ಹುಳ ಹತ್ತದಿರಲಿ ಎಂದು ಮೈಲುತುತ್ತ ಹಾಕುತ್ತಾರೆ, ಬೇರೆಯವರು ಹಾಕುವುದಕ್ಕಿಂತ ಒಂದು ಚಿಟಿಕೆ ಹೆಚ್ಚೇ. ಹಾಗಾಗಿ ಒಣಗಿದ ಮೇಲೂ ತೆಳ್ಳಗೆ ನೀಲಿ ಕಾಣುತ್ತದೆ. ಇನ್ನೊಂದು ಅಭ್ಯಾಸ: ಹಾಳೆಗೆ ಹಾಳೆ ಅಂಟಿಸುವಾಗ ಮೇಲಿನ ಹೊರಮೂಲೆಯಲ್ಲಿ ಕಿರುಬೆರಳಿನಷ್ಟು ಜಾಗವನ್ನು ಅಂಟು ಹಚ್ಚದೆ ಬಿಡುತ್ತಾರೆ. "ಇವತ್ತು ಅಂಟ್ಸಿದ್ದನ್ನ ನಾಳೆ ಯಾರೋ ಬಿಚ್ಚಬೇಕಾಗತ್ತೆ ಕಣೇ. ಉಗುರು ತೂರೋದಕ್ಕೆ ದಾರಿ ಇರ್ಲಿ" ಎಂದು ನನಗೂ ಕಲಿಸಿದರು. ಕಲಿಸಿದರು ಅಂದರೆ, ಮರೆತಾಗಲೆಲ್ಲ ಬ್ರಷ್ಷಿನ ಹಿಡಿಯಿಂದ ನನ್ನ ಮೊಣಕೈಗೆ ಕುಟ್ಟಿದರು.

ನಮ್ಮದು ಹೊಳೆಯ ಪಕ್ಕದ ಕೆಳಗಿನ ಬೀದಿ. ಕಲ್ಲಿನ ಮೆಟ್ಟಿಲು ಹತ್ತಿಹೋದರೆ ಮೇಲಿನ ಬೀದಿ. ಎರಡೂ ಬೀದಿಯವರು ಒಂದೇ ದೇವರನ್ನು ನಂಬುವವರು, ಒಂದು ಕಾಲದಲ್ಲಿ ಒಂದೇ ಪ್ರಾರ್ಥನಾ ಮಂದಿರದ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂತವರು. ಇಪ್ಪತ್ತೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೊಳೆ ಉಕ್ಕಿ ಬಂತು. ಕೆಳಗಿನವರೆಲ್ಲ ಮೆಟ್ಟಿಲು ಹತ್ತಿ ಓಡಿದರು. ಮೆಟ್ಟಿಲಿನ ತುದಿಯಲ್ಲಿ ಮೇಲಿನ ಬೀದಿಯ ಗೇಟು, ಗೇಟಿಗೆ ಬೀಗ. ಬೀಗದ ಕೈ ಕಾವಲುಗಾರನ ಹತ್ತಿರ ಇತ್ತು, ಅವನು ಸಿಗಲಿಲ್ಲ ಎಂದು ಮೇಲಿನವರು ಇವತ್ತಿಗೂ ಹೇಳುತ್ತಾರೆ. ಕೆಳಗಿನ ಜನ ಒಳಗೆ ನುಗ್ಗುತ್ತಾರೆ ಎಂದು ಬೇಕಂತಲೇ ತೆಗೆಯಲಿಲ್ಲ ಎಂದು ನಮ್ಮವರು ಹೇಳುತ್ತಾರೆ. ಬೀಗ ತೆಗೆಯುವಷ್ಟರಲ್ಲಿ ಏಳು ಜನ ನೀರುಪಾಲಾಗಿದ್ದರು. ಅವರಲ್ಲಿ ಒಬ್ಬಳು ಅತ್ತೆಯ ಮಗಳು, ನನ್ನ ಗಂಡನ ಅಕ್ಕ. ಅವಳಿಗೆ ಹದಿಮೂರು ವರ್ಷ, ನನ್ನವರಿಗೆ ಹತ್ತು.

ಅಲ್ಲಿಗೆ ಮಂದಿರ ಎರಡಾಯಿತು. ಪ್ರತಿವರ್ಷ ಆ ದಿನದ ಹತ್ತಿರದ ಭಾನುವಾರ ನಮ್ಮ ಮಂದಿರದಲ್ಲಿ ಪ್ರಾರ್ಥನೆಯ ಪುಸ್ತಕದ ಎಂಬತ್ಮೂರನೆಯ ಕೀರ್ತನೆ ಹೇಳುತ್ತಾರೆ. ಅದು ಮುದ್ದಾದ ಪ್ರಾರ್ಥನೆಯಲ್ಲ. ಸುತ್ತಲಿನ ಹಗೆಗಳೆಲ್ಲ ಸೇರಿ ಒಂದು ಜನವನ್ನೇ ಅಳಿಸಿಹಾಕಲು, ಅದರ ಹೆಸರೂ ಯಾರ ನೆನಪಿನಲ್ಲೂ ಉಳಿಯದಂತೆ ಮಾಡಲು ಸಂಚು ಹೂಡಿದಾಗ, ಆ ಜನ ದೇವರ ಎದುರು ನಿಂತು ಇಡುವ ಮೊರೆ. ಸುಮ್ಮನಿರಬೇಡ, ಕೈಕಟ್ಟಿ ಕೂರಬೇಡ ಎಂದು ಶುರುವಾಗುತ್ತದೆ. ಆಮೇಲೆ ಹಗೆಗಳ ಪಟ್ಟಿ, ಹತ್ತು ಜನಾಂಗಗಳ ಹೆಸರು. ಆಮೇಲೆ, ಅವರನ್ನು ಗಾಳಿಗೆ ಸಿಕ್ಕ ಹೊಟ್ಟಿನಂತೆ ಹಾರಿಸು, ಕಾಡಿಗೆ ಬಿದ್ದ ಬೆಂಕಿಯಂತೆ, ಬಿರುಗಾಳಿಯಂತೆ ಬೆನ್ನಟ್ಟು ಎಂಬ ಬೇಡಿಕೆ. ಅಷ್ಟಕ್ಕೆ ನಮ್ಮವರು ಆಮೆನ್ ಅಂದು ಕೂತುಬಿಡುತ್ತಾರೆ.

ಆ ಹತ್ತು ಹಳೆಯ ಹೆಸರುಗಳು ನಮ್ಮಲ್ಲಿ ಯಾರ ನಾಲಿಗೆಗೂ ಸರಿಯಾಗಿ ಹೊರಳುವುದಿಲ್ಲ. ಹಾಗಾಗಿ ಒಂದು ಪದ್ಧತಿ ಬೆಳೆದಿದೆ. ಪಟ್ಟಿ ಬಂದ ಕೂಡಲೇ ಇಡೀ ಸಭೆ ಎಡಗಡೆಯ ಕಿಟಕಿಗೆ ಮುಖ ತಿರುಗಿಸುತ್ತದೆ. ಆ ಕಿಟಕಿಯಿಂದ ಮೇಲಿನ ಬೀದಿ ಕಾಣುತ್ತದೆ. ಮೊದಲ ಸಲ ಇನ್ನೂರು ತಲೆ ಒಟ್ಟಿಗೆ ತಿರುಗಿದ್ದು ಕಂಡು ಹಾವೋ ಚೇಳೋ ಬಂತೇನೋ ಎಂದು ನಾನು ಬೆಂಚಿನ ಮೇಲೆ ಕಾಲೆತ್ತಿ ಕೂತಿದ್ದೆ.

ಅವತ್ತೇ ಇನ್ನೊಂದು ಎಡವಟ್ಟೂ ಆಯಿತು. ನಾನು ಬೇರೆ ಊರಿನವಳು. ಎಂಬತ್ಮೂರನ್ನು ಪೂರ್ತಿ ಬಾಯಿಪಾಠ ಮಾಡಿ ಬೆಳೆದವಳು. ಎಲ್ಲರೂ ಆಮೆನ್ ಅಂದರೂ ನನ್ನ ಬಾಯಿ ಮುಂದಕ್ಕೇ ಓಡಿತು. ಅತ್ತೆ ತೊಡೆಗೆ ಚಿವುಟಿ, "ಇಲ್ಲಿ ಇಷ್ಟೇ" ಅಂದರು. ಮನೆಗೆ ಬಂದು ಕೇಳಿದೆ. ಮಂದಿರದ ಪುಸ್ತಕಗಳು ಹೊಳೆಯ ನೀರಿನಲ್ಲಿ ನೆನೆದಿದ್ದವಂತೆ, ಆ ಜಾಗದಲ್ಲಿ ಎರಡು ಪುಟ ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದೆ ಹೋಯಿತಂತೆ. ಎಂಬತ್ಮೂರರ ಕೊನೆಯ ಮೂರು ವಚನವೂ ಎಂಬತ್ನಾಲ್ಕನೆಯ ಕೀರ್ತನೆ ಇಡಿಯಾಗಿಯೂ ಆ ಎರಡು ಪುಟದೊಳಗೆ ಸಿಕ್ಕಿಬಿದ್ದವು. ಮನೆಮನೆಯ ಪುಸ್ತಕಗಳಂತೂ ಹೊಳೆಯಲ್ಲೇ ಹೋದವು. ಮುಂದೆ ಬೇರೆ ಪುಸ್ತಕ ಕೊಂಡವರೂ ಅದನ್ನು ಮನೆಯಲ್ಲಿ ಓದುವುದಕ್ಕೆ ಇಟ್ಟುಕೊಂಡರು; ಮಂದಿರದ ಪ್ರಾರ್ಥನೆಗೆ ಮಾತ್ರ ನಮ್ಮ ಬೀದಿಯ ಆ ಚಿಕ್ಕ ಎಂಬತ್ಮೂರೇ.

ನಮ್ಮ ಸಭೆಯ ಹಿರಿಯರು ನಿವೃತ್ತ ಪೋಸ್ಟ್‌ಮಾಸ್ಟರು. ಯಾವುದಕ್ಕೂ ಕಾರಣ ಹುಡುಕದಿದ್ದರೆ ಅವರಿಗೆ ಊಟ ಸೇರುವುದಿಲ್ಲ. "ನೋವು ಮುಗಿಯದೋರು ಪ್ರಾರ್ಥನೆ ಮುಗಿಸಬಾರದಮ್ಮ. ಅದಕ್ಕೇ ದೇವರು ನೀರಿನ ಕೈಯಲ್ಲಿ ಆ ಪುಟ ಮುಚ್ಚಿಸಿದ" ಎಂದು ನನಗೆ ವಿವರಿಸಿದರು. ವರ್ಷಾವರ್ಷ ಉಪದೇಶದಲ್ಲೂ ಅದನ್ನೇ ಹೇಳಿದರು. ಕೇಳಲು ಚೆನ್ನಾಗಿತ್ತು. ನಾನೂ ಒಪ್ಪಿಕೊಂಡೆ, ಎಲ್ಲರೂ ನಿಲ್ಲಿಸಿದ ಕಡೆ ನಿಲ್ಲಿಸಿದೆ, ಕಿಟಕಿಗೆ ಮುಖವನ್ನೂ ತಿರುಗಿಸಿದೆ.

ಈ ವರ್ಷ ಇಪ್ಪತ್ತೈದನೆಯದು. ನೀರಿನಲ್ಲಿ ನೆನೆದಿದ್ದ ಮಂದಿರದ ಮೂವತ್ತೆಂಟು ಪುಸ್ತಕಗಳಿಗೂ ಹೊಸ ರಟ್ಟು ಹಾಕಿಸಬೇಕೆಂದು ಪೋಸ್ಟ್‌ಮಾಸ್ಟರು ತಂದು ನಮ್ಮ ಮೇಜಿನ ಮೇಲೆ ಪೇರಿಸಿದರು. ನೆನಪಿನ ಆ ಭಾನುವಾರಕ್ಕೇ ಇನ್ನೊಂದು ಕೆಲಸವೂ ಇತ್ತು. ನನ್ನ ಗಂಡ ವೆಲ್ಡರ್, ಬೀದಿಯ ಸಮಿತಿಗೆ ಅಧ್ಯಕ್ಷರೂ ಅವರೇ. ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವ ಕಡೆ ಅವರೇ ಕೈಯಾರೆ ಒಂದು ಕಬ್ಬಿಣದ ಗೇಟು ಮಾಡಿ ನಿಲ್ಲಿಸಿದ್ದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅದಕ್ಕೆ ಬೀಗ ಹಾಕುವುದು, ಇನ್ನು ಮುಂದೆ ಸಂಜೆಯಿಂದ ಬೆಳಗಿನವರೆಗೆ ಮುಚ್ಚಿಡುವುದು. ಕಳ್ಳಕಾಕರ ಭಯ ಅನ್ನುವುದು ಹೊರಗಿನ ಮಾತು. ಮೇಲಿನ ಬೀದಿಯವರು ದೊಡ್ಡ ರಸ್ತೆಗೆ ಹೋಗಬೇಕಾದರೆ ನಮ್ಮ ಬೀದಿಯಲ್ಲೇ ಇಳಿದು ಹೋಗಬೇಕು, ಇಲ್ಲದಿದ್ದರೆ ಗುಡ್ಡ ಸುತ್ತಿ ಮುಕ್ಕಾಲು ಗಂಟೆ. ಒಳಗಿನ ಮಾತು ಅದು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಪುಸ್ತಕ ಬಿಚ್ಚಲು ಕೂತೆ. ಅತ್ತೆಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಎದುರಿಗೆ ಕೂತು ಹೊಲಿಗೆಯ ದಾರಕ್ಕೆ ಮೇಣ ತಿಕ್ಕುತ್ತಿದ್ದರು. ಹಳೆಯ ರಟ್ಟು ಕಿತ್ತು, ಬೆನ್ನಿಗೆ ಒದ್ದೆ ಬಟ್ಟೆ ಇಟ್ಟು, ಹೊಲಿಗೆ ಕತ್ತರಿಸಿದೆ. ಎಂಬತ್ಮೂರರ ಜಾಗ ಬಂತು, ಅಂಟಿದ ಎರಡು ಹಾಳೆ. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿ ನೋಡುವ ಕೆಲಸ ನನಗೆ ಬಿದ್ದಿರಲಿಲ್ಲ. ಮೇಲಿನ ಮೂಲೆಯಲ್ಲಿ ನನ್ನ ಉಗುರು ತಾನಾಗಿಯೇ ಒಳಗೆ ಹೋಯಿತು. ಕಿರುಬೆರಳಿನಷ್ಟು ಜಾಗ, ಅಲ್ಲಿ ಅಂಟಿರಲಿಲ್ಲ. ಬೆಳಕಿಗೆ ಹಿಡಿದು ಸಂದಿಯಲ್ಲಿ ಇಣುಕಿದೆ. ಅಂಚಿನುದ್ದಕ್ಕೂ ತೆಳ್ಳಗೆ ನೀಲಿ.

ಎರಡನೆಯ ಪುಸ್ತಕ ತೆಗೆದೆ, ಹಾಗೇ. ಮೂರನೆಯದು, ಹಾಗೇ. ಬಿಚ್ಚುವುದನ್ನು ಬಿಟ್ಟು ಮೂವತ್ತೆಂಟನ್ನೂ ಒಂದೊಂದಾಗಿ ತೆರೆದು ಮೂಲೆಗೆ ಉಗುರು ತೂರಿಸಿದೆ. ಹೊಳೆಯ ನೀರು ಮೂವತ್ತೆಂಟು ಪುಸ್ತಕದಲ್ಲೂ ಅದೇ ಎರಡು ಹಾಳೆ ಹುಡುಕಿ ಅಂಟಿಸುತ್ತದೆಯೇ? ಅಂಟಿಸಿ ಮೂಲೆಯಲ್ಲಿ ದಾರಿ ಬಿಡುತ್ತದೆಯೇ? ಅಯ್ಯೋ ದೇವರೇ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

ಒಂದು ಪುಸ್ತಕವನ್ನು ಒಳಗೆ ಒಯ್ದು ಕೆಟಲಿನ ಹಬೆಗೆ ಹಿಡಿದೆ. ಹಾಳೆ ಮಡಿಸುವ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದೆ. ಇಪ್ಪತ್ತೈದು ವರ್ಷ ಗಾಳಿ ಕಾಣದ ಎರಡು ಪುಟ ಹೊಚ್ಚಹೊಸದಾಗಿದ್ದವು. ಓದಿದೆ. ಆಗ ಇನ್ನೊಂದು ಏಟು ಬಿತ್ತು. ಚಿಕ್ಕಂದಿನಿಂದ ಬಾಯಿಪಾಠವಿದ್ದ ಆ ಮೂರು ವಚನ ನನಗೆ ಪೂರ್ತಿ ಮರೆತೇಹೋಗಿತ್ತು! ಒಂಬತ್ತೇ ವರ್ಷ ಎಲ್ಲರ ಜೊತೆ ಅಲ್ಲೇ ನಿಲ್ಲಿಸಿದ್ದಕ್ಕೆ, ಮುಂದೆ ಏನಿದೆ ಎಂಬುದೇ ನನ್ನ ತಲೆಯಿಂದ ಒರೆಸಿಹೋಗಿತ್ತು. ಪರ ಊರಿನವರ ಪ್ರಾರ್ಥನೆ ಓದಿದಂತೆ ಓದಿಕೊಂಡೆ.

ಆ ಮೂರು ವಚನವೂ ಪೂರ್ತಿ ಮೆತ್ತಗಿಲ್ಲ, ಸುಳ್ಳು ಯಾಕೆ ಹೇಳಲಿ. ಹಗೆಗಳು ನಾಚಲಿ, ಕಂಗೆಡಲಿ, ಹಾಳಾಗಲಿ ಎಂದೂ ಇದೆ. ಆದರೆ ಯಾಕೆ ನಾಚಬೇಕು ಎಂಬುದಕ್ಕೆ ಅಲ್ಲಿ ಉತ್ತರವಿದೆ: ಅವರೂ ನಿನ್ನ ಹೆಸರನ್ನು ಹುಡುಕಿಕೊಂಡು ಬರಲೆಂದು. ಭೂಮಿಗೆಲ್ಲ ನೀನೊಬ್ಬನೇ ದೊಡ್ಡವನು ಎಂದು ಅವರೂ ತಿಳಿಯಲೆಂದು. ಸುಡು ಸುಡು ಎಂದು ಕೂಗಿ ಕೂಗಿ ಕೊನೆಗೆ ಆ ಬಾಯಿ ಹಗೆಯವನಿಗೂ ಒಂದು ಬಾಗಿಲು ಕೇಳುತ್ತದೆ. ನಮ್ಮ ಬೀದಿ ಆ ಬಾಗಿಲಿನ ಮುಂಚೆಯೇ ಆಮೆನ್ ಅನ್ನುತ್ತಿತ್ತು.

ಹೊರಗೆ ಬಂದೆ. "ಅತ್ತೆ, ಇದು ನೀರಲ್ಲಿ ಅಂಟ್ಕೊಂಡಿದ್ದಲ್ಲ."

"ಯಾವ್ದು?"

"ಎಂಬತ್ಮೂರನೇದು. ಮೂವತ್ತೆಂಟರಲ್ಲೂ ನಿಮ್ಮ ಅಂಟಿದೆ."

ಮೇಣ ತಿಕ್ಕುತ್ತಿದ್ದ ಕೈ ನಿಂತಿತು. ಇಲ್ಲ ಅನ್ನುತ್ತಾರೆ, ಬೈಯುತ್ತಾರೆ, ಬ್ರಷ್ಷು ಎತ್ತುತ್ತಾರೆ ಅಂದುಕೊಂಡೆ. ಯಾವುದೂ ಇಲ್ಲ. "ಬಾಗಿಲು ಹಾಕು" ಅಂದರು. ಹಾಕಿದೆ.

"ನಾನೇ ಮಾಡಿದ್ದು. ಮಗೂನ ಮಣ್ಣು ಮಾಡಿ ಹದಿನೆಂಟು ದಿನ ಆಗಿತ್ತು. ಪುಸ್ತಕ ಎಲ್ಲಾ ಒದ್ದೆಯಾಗಿದೆ, ಒಣಗಿಸಿ ಕಟ್ಟಿಕೊಡು ಅಂತ ತಂದು ಹಾಕಿದ್ರು. ಮೊದಲ್ನೇ ಪುಸ್ತಕದಲ್ಲೇ ಆ ಪುಟ ತೆರ್ಕೊಳ್ತು. ಸುಮ್ನಿರಬೇಡ ಅಂತಿತ್ತು, ಸರಿ. ಅಟ್ಟು, ಸುಡು ಅಂತಿತ್ತು, ಅದೂ ಸರಿ. ನನ್ನ ಹೊಟ್ಟೇಲಿ ಇದ್ದದ್ದೇ ಅಲ್ಲಿತ್ತು ಕಣೇ. ಪುಟ ತಿರುಗಿಸ್ದೆ. ಅವರು ನಿನ್ನನ್ನ ಹುಡುಕ್ಕೊಂಡು ಬರ್ಲಿ ಅಂತ ಬರೆದಿತ್ತು." ಅತ್ತೆಯ ಗಂಟಲು ಏರಿತು. "ಯಾಕೆ ಬರ್ಬೇಕು? ನಾನು ಹೋಗೋ ಬಾಗಿಲಿಗೆ ಅವರ್ಯಾಕೆ ಬರ್ಬೇಕು? ನನ್ನ ಮಗಳು ಅವರ ಬಾಗಿಲಿಗೆ ಹೋಗಿದ್ಲಲ್ಲ, ತೆಗೆದ್ರಾ?"

ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟು ಎದುರು ಕೂತೆ, ಅವರು ಹೇಳುತ್ತಲೇ ಹೋದರು.

"ನನ್ನ ಪುಸ್ತಕಕ್ಕೆ ಮಾತ್ರ ಅಂತ ಹಾಕ್ದೆ. ಆಮೇಲೆ ಕೈ ನಿಲ್ಲಲಿಲ್ಲ. ನನ್ನ ಬಾಯಿಗೆ ಬರದೇ ಇದ್ದದ್ದು ಯಾರ ಬಾಯಿಗೂ ಬರೋದು ಬೇಡ ಅನ್ನಿಸ್ತು."

"ಎಂಬತ್ನಾಲ್ಕು ಏನ್ ಪಾಪ ಮಾಡಿತ್ತು ಅತ್ತೆ?"

"ಎದುರಿನ ಪುಟದಲ್ಲೇ ಇತ್ತಲ್ಲ ಅದು. ಗುಬ್ಬಿಗೆ ದೇವರ ಮನೇಲಿ ಗೂಡು ಸಿಕ್ತು ಅಂತ ಹಾಡೋ ಕೀರ್ತನೆ. ಅದನ್ನ ಕೇಳೋ ಕಿವಿ ಎಲ್ಲಿತ್ತು ನಂಗೆ? ಅದೂ ಹೋಗ್ಲಿ ಅಂದ್ಕೊಂಡೆ."

ಅಷ್ಟು ಸಿಟ್ಟಿನಲ್ಲೂ ಮೂವತ್ತೆಂಟು ಸಲ ಮೂಲೆ ಬಿಟ್ಟಿದ್ದಾರಲ್ಲ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಕರುಣೆ ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಒಂದು ಬೀದಿಯ ಪ್ರಾರ್ಥನೆಯನ್ನು ಒಬ್ಬ ಹೆಂಗಸು ಒಂದು ಬ್ರಷ್ಷಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದಳು, ಆ ಹೆಂಗಸು ನನ್ನ ಅತ್ತೆ. "ಈಗ ಏನ್ ಮಾಡೋದು?" ಎಂದೆ.

"ಏನೂ ಮಾಡ್ಬೇಡ. ನೀನು ಬಿಡಿಸಿರೋದನ್ನೂ ಮತ್ತೆ ಅಂಟಿಸಿ ಹೊಲಿದುಬಿಡು. ಇಷ್ಟು ವರ್ಷ ನಡೆದಿಲ್ವಾ?"

ನಾನು ಅಂಟಿಸಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ತಾಯಿ ಮಗ ಇಬ್ಬರಲ್ಲಿ ಒಬ್ಬರು ಒಡೆದುಹೋಗುತ್ತಾರೆ ಎಂದು ಹೆದರಿದೆ. ಆ ದಿನ ನಮ್ಮಿಬ್ಬರ ನಡುವೆ ಉಪ್ಪು ಕೊಡು, ನೀರು ಕೊಡು ಅನ್ನುವುದಕ್ಕಿಂತ ಹೆಚ್ಚು ಮಾತಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ನನ್ನವರು ಊಟಕ್ಕೆ ಬಂದಾಗ ಕೈಯಲ್ಲಿ ಕಾಗದ ಸುತ್ತಿದ ಒಂದು ಗಂಟಿತ್ತು. ಬಿಚ್ಚಿ ಮೇಜಿನ ಮೇಲೆ ಧಡ್ ಎಂದು ಇಟ್ಟರು. ಎರಡು ಅಂಗೈ ಜೋಡಿಸಿದಷ್ಟು ದೊಡ್ಡ ಬೀಗ. ಮಕ್ಕಳಿಗೆ ಹೊಸ ಬಟ್ಟೆ ತಂದಾಗಲೂ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿಲ್ಲ. "ಭಾನುವಾರ ಮಂದಿರದಲ್ಲಿಟ್ಟು ಪ್ರಾರ್ಥನೆ ಮಾಡ್ಸಿ ಆಮೇಲೆ ಹಾಕೋಣ ಅಂತ ಎಲ್ಲರೂ ಒಪ್ಪಿದ್ದಾರೆ" ಎಂದರು.

"ರೀ, ಸಂಜೆ ಮೇಲೆ ಮೇಲಿನ ಬೀದೀಲಿ ಯಾರಿಗಾದ್ರೂ ಹುಷಾರಿಲ್ದೆ ಆದ್ರೆ? ಆಂಬ್ಯುಲೆನ್ಸ್ ಬಂದ್ರೆ?"

"ಬರ್ಲಿ. ಕಾವಲುಗಾರ ಸಿಗಲಿಲ್ಲ ಅಂತ ಹೇಳೋಣ" ಎಂದು ನಕ್ಕರು.

ನನ್ನ ಗಂಡ ಕೆಟ್ಟವರಲ್ಲ. ಬೀದಿನಾಯಿಗೆ ಮುಳ್ಳು ಚುಚ್ಚಿದರೆ ಮಂಡಿಯೂರಿ ಕೂತು ತೆಗೆಯುವ ಮನುಷ್ಯ. ಆ ಬಾಯಿಂದ ಆ ಮಾತು, ಅದೂ ನಗುತ್ತಾ! ಅತ್ತೆ ತಟ್ಟೆ ಬಿಟ್ಟು ಎದ್ದು ಮೇಜನ್ನು ತಡಕಿಕೊಂಡು ಬಂದರು. ಬೀಗವನ್ನು ಎತ್ತಿಕೊಂಡು, ಬೆರಳಿನಿಂದ ಅದರ ಬಾಯಿ, ಅದರ ಬಾಗಿದ ಸರಳು, ಅದರ ಹಿಂಬದಿ ಎಲ್ಲ ಸವರಿದರು. ಮಗ ಅಮ್ಮನಿಗೂ ಖುಷಿಯಾಗಿದೆ ಎಂದುಕೊಂಡು, "ಭಾರ ಇದೆ ಅಲ್ವಾಮ್ಮ?" ಎಂದರು. ಅತ್ತೆ ಬೀಗವನ್ನು ಮೇಜಿನ ತುದಿಗೆ ತಳ್ಳಿದರು. ಅವರ ತುಟಿ ಬಿಳಿಚಿಕೊಂಡಿದ್ದನ್ನು ನಾನು ಮಾತ್ರ ನೋಡಿದೆ.

ಮಗ ಕೆಲಸಕ್ಕೆ ಹೋದ ಮೇಲೆ ನನ್ನನ್ನು ಕರೆದರು. "ಬಿಡಿಸು. ಎಲ್ಲಾ ಪುಸ್ತಕಾನೂ ಬಿಡಿಸು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಮೂಗಿನ ಮಾತು ನನಗೆ ಗೊತ್ತಿಲ್ಲ, ಹಾಳೆಗಳು ಬಂದವು. ಶುಕ್ರವಾರ ಸಂಜೆಯವರೆಗೆ, ಶನಿವಾರ ಇಡೀ ಹಗಲು, ನಾನು ಹಬೆಗೆ ಹಿಡಿಯುವುದು, ಅತ್ತೆ ಬೆರಳಿನ ಅಂದಾಜಿನಲ್ಲೇ ಕಡ್ಡಿ ತೂರಿಸುವುದು. ಎರಡು ಹಾಳೆ ಹರಿದವು, ಒಂದರ ಅಕ್ಷರ ಅಂಟಿನ ಜೊತೆ ಎದ್ದುಬಂತು. ರಟ್ಟು ಹಾಕಲು ಸಮಯ ಉಳಿಯಲಿಲ್ಲ, ಬರೀ ಹೊಲಿದು ಕೊಟ್ಟೆವು. ನಡುವೆ ಒಮ್ಮೆ ಅತ್ತೆ, "ಅವನಿಗೆ ಹೇಳ್ತೀಯಾ?" ಎಂದರು. "ನಾನಲ್ಲ, ನೀವು ಹೇಳ್ತೀರಿ" ಎಂದೆ. ಜೀವನದಲ್ಲಿ ಮೊದಲ ಸಲ ಅತ್ತೆ ನನ್ನ ಮಾತಿಗೆ ತಿರುಗಿ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಮಂದಿರ ತುಂಬಿತ್ತು. ಮುಂದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬೀಗವನ್ನು ಇಟ್ಟಿದ್ದರು, ಪಕ್ಕದಲ್ಲಿ ಬೀಗದ ಕೈ. ಪುಸ್ತಕಗಳಿಗೆ ರಟ್ಟಿಲ್ಲದ್ದು ಕಂಡು ಪೋಸ್ಟ್‌ಮಾಸ್ಟರು ನನ್ನ ಕಡೆ ಕಣ್ಣು ಕೆಕ್ಕರಿಸಿದರು. ಮಗಳನ್ನು ಕಳೆದುಕೊಂಡವರೆಂದು ಪ್ರತಿವರ್ಷ ಅತ್ತೆಯೇ ಕೀರ್ತನೆ ಹೇಳಿಕೊಡುವುದು, ಸಭೆ ಅವರ ಹಿಂದೆ ಹೇಳುವುದು. ಹೇಳಿದರು. ಹತ್ತು ಹೆಸರು ಬಂದವು, ಎಲ್ಲ ತಲೆಗಳೂ ಕಿಟಕಿಗೆ ತಿರುಗಿದವು. ಅತ್ತೆಯ ಮುಖ ಬೀಗದ ಕಡೆಗೇ ಇತ್ತು. ಬೆಂಕಿ ಬಂತು, ಬಿರುಗಾಳಿ ಬಂತು. ಸಭೆ ಆಮೆನ್ ಎಂದು ಬೆಂಚು ಎಳೆದುಕೊಂಡು ಕೂತಿತು.

"ಕೂತ್ಕೋಬೇಡಿ. ಮುಗಿದಿಲ್ಲ" ಎಂದರು ಅತ್ತೆ.

ಒಂದಿಬ್ಬರು ಕೆಮ್ಮಿದರು. ಅತ್ತೆ ಮೇಜನ್ನು ಹಿಡಿದುಕೊಂಡು ನಿಂತೇ ಇದ್ದರು. "ಇನ್ನೂ ಮೂರು ವಚನ ಇದೆ. ಅದನ್ನ ಹೊಳೆ ಮುಚ್ಚಲಿಲ್ಲ. ದೇವರೂ ಮುಚ್ಚಲಿಲ್ಲ. ನಾನು ಅಂಟು ಹಾಕಿ ಮುಚ್ಚಿದೆ, ಮೂವತ್ತೆಂಟು ಪುಸ್ತಕದಲ್ಲೂ. ಸುಮ್ನಿರಬೇಡ, ಮಾತಾಡು ಅಂತ ದೇವರನ್ನ ಕೇಳ್ತಾನೇ ಇದ್ದೆ, ಅವನು ಮಾತಾಡೋ ಜಾಗಕ್ಕೇ ಅಂಟು ಹಾಕಿಟ್ಟಿದ್ದೆ."

ಪೋಸ್ಟ್‌ಮಾಸ್ಟರು ಕೈಯಲ್ಲಿದ್ದ ಪುಸ್ತಕ ತೆರೆದು, ಬಿಟ್ಟುಕೊಂಡಿದ್ದ ಪುಟಗಳನ್ನು ನೋಡಿ, ಮುಚ್ಚಿ, ಮತ್ತೆ ತೆರೆದರು. "ನಾನು ಇದರ ಮೇಲೆ ಇಪ್ಪತ್ತು ವರ್ಷ ಉಪದೇಶ ಮಾಡಿದೆನಲ್ಲಮ್ಮ" ಎಂದರು, ಅಷ್ಟೇ. ಆಗ ಮೂಲೆಮನೆಯ ಅಜ್ಜಿ ಎದ್ದಳು. "ಅಂಟಮ್ಮ! ನಮ್ಮ ಮನೆಯೋರು ಸಾಯೋವಾಗ ಗುಬ್ಬಿ ಕೀರ್ತನೆ ಓದಿ ಅಂತ ಅಂಗಲಾಚಿದ್ರು. ಮನೇಲಿದ್ದ ಪುಸ್ತಕ ಹೊಳೆಪಾಲಾಗಿತ್ತು. ಇಲ್ಲಿಂದ ತಗೊಂಡು ಹೋಗಿ ನೋಡಿದ್ರೆ ಅದರಲ್ಲಿ ಇರ್ಲಿಲ್ಲ. ಅವರು ಕೇಳ್ತಾ ಕೇಳ್ತಾನೇ ಹೋದ್ರಲ್ಲೇ, ಪಾಪಿ!"

ಅತ್ತೆ ತತ್ತರಿಸಿದರು. ಅದು ಅವರಿಗೂ ಗೊತ್ತಿರಲಿಲ್ಲ. ನಾನು ಓಡಿಹೋಗಿ ಹಿಡಿದುಕೊಂಡೆ. "ಹೌದು ಕಣಕ್ಕ, ಪಾಪೀನೇ" ಎಂದರು. "ನನ್ನ ಒಬ್ಬಳ ನೋವಿಗೆ ನಿಮ್ಮೆಲ್ಲರ ಬಾಯಿ ಕಟ್ಟಿದೆ."

ಅಷ್ಟರಲ್ಲಿ ನನ್ನವರು ಮುಂದೆ ಬಂದು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಮ್ಮ, ನಾನು ಹತ್ತು ವರ್ಷದೋನು. ದಿನಾ ಮಲಗೋಕೆ ಮುಂಚೆ ನೀನು ಇದನ್ನೇ ಹೇಳಿಸ್ದೆ. ಸುಡು ಅನ್ನೋದೇ ಕೊನೇ ಮಾತು ಅಂತ ನಂಬ್ಕೊಂಡು ಬೆಳೆದೆ. ಈಗ ಇನ್ನೂ ಇದೆ ಅಂತೀಯಾ? ನನ್ನನ್ನ ಏನು ಮಾಡಿಟ್ಟೆ ನೋಡು!"

"ನೋಡ್ದೆ ಕಣಪ್ಪ. ಮೊನ್ನೆ ಆ ಬೀಗ ಕೈಲಿ ಹಿಡ್ಕೊಂಡಾಗ ನೋಡ್ದೆ." ಅತ್ತೆ ನನ್ನ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತರು. "ನಿನ್ನಕ್ಕ ನೀರಿಂದ ಸಾಯ್ಲಿಲ್ಲ ಕಣೋ. ಬೀಗದಿಂದ ಸತ್ಲು. ಅದನ್ನೇ ನೀನು ತಂದು ದೇವರ ಮುಂದೆ ಇಟ್ಟಿದ್ದೀಯ. ಈ ಕೀರ್ತನೇಲಿ ಎಲ್ಲಾದ್ರೂ 'ನಾವು ಮಾಡ್ತೀವಿ' ಅಂತ ಇದೆಯಾ ಹೇಳು? ನೀನು ಮಾಡು, ನೀನು ಮಾಡು ಅಂತಲೇ ಇರೋದು. ಹೊಟ್ಟೇಲಿರೋ ಬೆಂಕೀನೆಲ್ಲ ಅವನ ಮುಂದೆ ಸುರಿದು ನಮ್ಮ ಕೈ ಖಾಲಿ ಮಾಡ್ಕೊಳ್ಳೋದಕ್ಕೆ ಅದು. ನಾನು ಖಾಲಿ ಮಾಡ್ಕೊಳ್ಳಲಿಲ್ಲ, ಬ್ರಷ್ ಹಿಡಿದೆ. ನೀನು ಇದನ್ನ ಹಿಡಿದೆ."

ನನ್ನವರು ಬೀಗ ನೋಡಿದರು, ತಾಯಿಯನ್ನು ನೋಡಿದರು. ಬೆಂಚಿನ ಮೇಲಿದ್ದ ಒಂದು ಪುಸ್ತಕವನ್ನು ಎತ್ತಿ ತಾಯಿಯ ಮುಂದೆ ಚಾಚಿದರು. "ಹಾಗಾದ್ರೆ ಓದು. ಉಳಿದದ್ದನ್ನೂ ನೀನೇ ಹೇಳಿಕೊಡು."

"ನಂಗೆ ಬರಲ್ಲಪ್ಪ. ಒಂದೇ ಸಲ ಓದಿ ಮುಚ್ಚಿಟ್ಟೋಳು ನಾನು. ಈಗ ಕಣ್ಣೂ ಕಾಣಲ್ಲ. ನೀನೇ ಓದು."

ಸಭೆ ಮತ್ತೆ ಎದ್ದು ನಿಂತಿತು. ಅವರು ಓದಿದರು. ಮೂವತ್ತೈದು ವರ್ಷದ ಗಂಡಸು, ಹೊಸ ಪಾಠ ಓದುವ ಮಗುವಿನಂತೆ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು. ಹಗೆಗಳೂ ನಿನ್ನನ್ನು ಹುಡುಕಿ ಬರಲಿ ಎನ್ನುವ ಕಡೆ ನಿಂತುಬಿಟ್ಟರು. ಪುಸ್ತಕ ಬಿಸಾಡಿ ಹೊರಟುಹೋಗುತ್ತಾರೆ ಎಂದುಕೊಂಡೆ. ಅವರು ಮುಖ ಒರೆಸಿಕೊಂಡು, ಅದೇ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಓದಿ, ಮೂರನ್ನೂ ಮುಗಿಸಿದರು. "ಗೇಟು ನಾಳೆ ಕತ್ತರಿಸಿ ತೆಗೀತೀನಿ" ಎಂದರು, ಯಾರ ಮುಖವನ್ನೂ ನೋಡದೆ.

ಅತ್ತೆ ಎರಡೂ ಕೈ ಮುಂದೆ ಚಾಚಿ ಮಗನನ್ನು ಹುಡುಕುತ್ತಿದ್ದರು. ನಾವೆಲ್ಲ ಎದ್ದು ನಿಂತೇ ಇದ್ದೆವು. ಆಮೆನ್ ಅನ್ನಬೇಕಾದದ್ದು ಈಗ ಎಂದು ಅಲ್ಲಿ ಒಬ್ಬರಿಗೂ ತಿಳಿಯಲಿಲ್ಲ.